ಮಡಿಕೇರಿಯ ಮಹದೇವಪೇಟೆಯ ತಂತಿಗಳನ್ನು ನೆಲದಡಿಗೆ ಹಾಕಿಸೋಕೆ ಆಗುತ್ತಾ?

ಮಹಡಿ ಕಿಟಕಿ

ನಿನ್ನೆ ಸಂಜೆ ಮಳೆ ಸ್ವಲ್ಪ ಹೊಳವಾಗಿತ್ತು. ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಂತವಳು ಎದುರಿನ ಕಂಬದಲ್ಲಿರುವ ವೈರ್‌ಗಳನ್ನು ಎಣಿಸಿದೆ. ಸುಮ್ನೆ, ಬೇರೆ ಕೆಲಸ ಇರಲಿಲ್ಲ. 31 ಬಂತು. ಎರಡನೇ ಸಲ ಎಣಿಸಿದಾಗ 33. ಅದರಲ್ಲಿ ಕರೆಂಟಿನದು ಯಾವುದು, ಟಿವಿಯದು ಯಾವುದು, ಇಂಟರ್‌ನೆಟ್ಟಿನದು ಯಾವುದು ಅಂತ ಆ ದೇವರಿಗೇ ಗೊತ್ತು. ಕಪ್ಪು ವೈರಿನ ಒಂದು ಸುರುಳಿಯನ್ನು ಕಂಬಕ್ಕೇ ನೇತು ಹಾಕಿ ಹೋಗಿದ್ದಾರೆ. ಅದರೊಳಗೆ ಹಕ್ಕಿ ಗೂಡು ಕಟ್ಟಿ, ಮರಿ ಮಾಡಿ, ಗೂಡು ಬಿಟ್ಟು ಹೋಗಿಯೂ ಆಯ್ತು, ಸುರುಳಿ ಮಾತ್ರ ಹಾಗೇ ಇದೆ.

ನಮ್ಮದು ಹಳೇ ಹೆಂಚಿನ ಮನೆ. ಸೂರಿನ ಅಂಚಿಗೂ ಹತ್ತಿರದ ತಂತಿಗೂ ಇರುವುದು ಒಂದು ಬಿಚ್ಚಿದ ಕೊಡೆಯಷ್ಟು ಜಾಗ. ಹೆಂಚು ತಿರುಗಿಸಲು ಬರುವವರು ಮೊದಲು ಆ ತಂತಿ ನೋಡುತ್ತಾರೆ, ಆಮೇಲೆ ಕೂಲಿ ಹೇಳುತ್ತಾರೆ.

ಇಲ್ಲಿಂದ ನಾಲ್ಕು ಹೆಜ್ಜೆ ಹೋದರೆ ರಾಜರ ಗದ್ದಿಗೆ. ದೂರದಿಂದ ಬಂದವರು ಗುಮ್ಮಟದ ಫೋಟೊ ತೆಗೆಯುತ್ತಾರೆ, ಆದರೆ ಪೇಟೆಯಲ್ಲಿ ಯಾವ ಕಡೆ ಕ್ಯಾಮೆರಾ ಎತ್ತಿದರೂ ಮೊದಲು ಸಿಗುವುದು ಈ ಜೇಡರ ಬಲೆ. ನಾನು ಕೇಳುವುದು ಇಷ್ಟೇ. ಇಡೀ ಮಡಿಕೇರಿ ಬೇಡ. ಚೌಕಿಯಿಂದ ಬನ್ನಿಮಂಟಪದವರೆಗೆ, ಪೇಟೆಯ ಈ ಒಂದು ರಸ್ತೆಯಲ್ಲಿ ಮಾತ್ರ ತಂತಿಯನ್ನು ನೆಲದಡಿಗೆ ಹಾಕಿಸೋಕೆ ಆಗುತ್ತಾ? ಗೊತ್ತಿರುವವರು ಹೇಳಿ. ಗೊತ್ತಿಲ್ಲದವರೂ ಹೇಳಿ, ಹೇಗೂ ಹೇಳ್ತೀರಲ್ವಾ.

ಮಂಟಪದ ಹುಡುಗ

ಅಕ್ಕ, ಫೋಟೊ ಬಿಡಿ. ವಿಜಯದಶಮಿ ರಾತ್ರಿ ದಸರಾ ಮಂಟಪಗಳ ಮೆರವಣಿಗೆಯಲ್ಲಿ ಒಂದು ಸಲ ನಮ್ಮ ಜೊತೆ ನಡೆದು ನೋಡಿ.

ಹತ್ತು ಮಂಟಪ. ಒಂದೊಂದೂ ಟ್ರ್ಯಾಕ್ಟರ್ ಮೇಲೆ ಕಟ್ಟಿದ ಕಬ್ಬಿಣದ ಚೌಕಟ್ಟು. ಅದರ ಮೇಲೆ ದೇವರು, ರಾಕ್ಷಸರು, ತಿರುಗುವ ತಲೆ, ಏಳುವ ಕೈ. ಮಂಟಪದ ಮುಂದೆ ಇಬ್ಬರು ಹುಡುಗರು ಉದ್ದದ ಬಿದಿರು ಹಿಡಿದು ನಡೆಯುತ್ತಾರೆ. ಬಿದಿರಿನ ತುದಿಯಲ್ಲಿ ಕವೆ ಥರ ಅಡ್ಡಪಟ್ಟಿ ಇರುತ್ತದೆ. ಕೆಳಗೆ ಜೋತ ವೈರನ್ನು ಆ ಕವೆಯಿಂದ ಎತ್ತಿ ಹಿಡಿಯಬೇಕು, ಮಂಟಪ ದಾಟಿದ ಮೇಲೆ ಮೆಲ್ಲಗೆ ಇಳಿಸಬೇಕು. ಎರಡು ವರ್ಷ ನಾನೇ ಹಿಡಿದಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಮಂಜು ಬಿದ್ದು ಬಿದಿರು ಒದ್ದೆಯಾಗಿರುತ್ತದೆ, ಕೈ ಸೋತಿರುತ್ತದೆ. ಮೇಲಿರುವುದು ಟಿವಿ ಕೇಬಲ್ಲಾ ಬೇರೇನಾ ಅಂತ ಟಾರ್ಚ್ ಹಾಕಿ ನೋಡಬೇಕು. ಲೈನ್ ಆಫ್ ಮಾಡಿರುತ್ತಾರೆ, ನಿಜ. ಆದರೂ ಎದೆ ಡವಗುಟ್ಟುತ್ತದೆ.

2022ರ ಏಪ್ರಿಲ್‌ನಲ್ಲಿ ತಂಜಾವೂರಿನ ಹತ್ತಿರ ಕಳಿಮೇಡಿನಲ್ಲಿ ತೇರಿಗೆ ಹೈಟೆನ್ಷನ್ ತಂತಿ ತಾಗಿ 11 ಜನ ಹೋದರು. ಆ ಸುದ್ದಿ ಬಂದ ದಿನ ನನ್ನ ಅಮ್ಮ ಬಿದಿರು ಹಿಡಿಯೋದು ಸಾಕು ಅಂತ ಹೇಳಿದರು. ಆ ವರ್ಷದಿಂದ ಬಿಟ್ಟೆ.

ತೋಟದಿಂದ

ಬೇಜಾರು ಮಾಡ್ಕೋಬೇಡಿ, ಆದರೆ ನಗು ಬಂತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಕಡೆ ಒಂದು ಸಿಲ್ವರ್ ಓಕ್ ಬಿದ್ದರೆ ಐದು ದಿನ ಕರೆಂಟ್ ಇಲ್ಲ. ಹೋದ ವರ್ಷ ಎಂಟು ದಿನ. ಮೊಬೈಲ್ ಚಾರ್ಜ್ ಮಾಡಲು ಜೀಪಿನಲ್ಲಿ ಕೂರುತ್ತೇವೆ. ಇಂಥಾ ಜಿಲ್ಲೆಯಲ್ಲಿ ಇರುವ ದುಡ್ಡನ್ನೆಲ್ಲಾ ಪೇಟೆಯ ಅಂದಕ್ಕೆ ಸುರಿಯಬೇಕಾ?

ಇನ್ನೊಂದು ಮಾತು. ಪೇಟೆಯಲ್ಲಿ ನೆಲದಡಿ ಹಾಕಿದರೂ ಮಡಿಕೇರಿಗೆ ಕರೆಂಟ್ ಬರುವುದು ಕಾಡು, ತೋಟ ದಾಟಿ, ಕಂಬದ ಮೇಲೆಯೇ. ಅಲ್ಲೊಂದು ಮರ ಬಿದ್ದರೆ ನಿಮ್ಮ ನೆಲದಡಿಯ ಕೇಬಲ್ಲೂ ಕತ್ತಲೇ.

ಹಳೇ ಲೈನ್‌ಮನ್

ತೋಟದವರು ಹೇಳಿದ ಎರಡನೇ ಮಾತು ಸರಿ. ನೆಲದಡಿ ಹಾಕಿದರೆ ಕರೆಂಟೇ ಹೋಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮರ ಬಿದ್ದು ಹೋಗುವುದು ಆ ರಸ್ತೆಯಲ್ಲಿ ನಿಲ್ಲುತ್ತದೆ, ಅಷ್ಟೇ. ಮಹದೇವಪೇಟೆಯಲ್ಲಿ ಬೀಳಲು ಮರವಾದರೂ ಎಲ್ಲಿದೆ?

ನಾನು ಮೂವತ್ತು ವರ್ಷ ಕಂಬ ಹತ್ತಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇದ್ದವರು ಓದಿ.

ಕಂಬದ ಮೇಲೆ ಮೂರು ಥರದ ವೈರ್ ಇರುತ್ತದೆ. ಎಲ್ಲಕ್ಕಿಂತ ಮೇಲೆ 11 ಕೆವಿ, ಅಂದರೆ 11 ಸಾವಿರ ವೋಲ್ಟಿನದು. ಅದರ ಕೆಳಗೆ ಎಲ್‌ಟಿ, ಕಡಿಮೆ ವೋಲ್ಟಿನದು, ಮನೆ ಅಂಗಡಿಗೆ ಹೋಗುವುದು. ಅದಕ್ಕಿಂತ ಕೆಳಗೆ ಟಿವಿ, ಇಂಟರ್‌ನೆಟ್, ಹಳೇ ಫೋನು. ಮಹಡಿ ಕಿಟಕಿಯವರು ಎಣಿಸಿದ 31ರಲ್ಲೋ 33ರಲ್ಲೋ ಕರೆಂಟಿನದು ಹತ್ತು ದಾಟುವುದಿಲ್ಲ, ಬರೆದು ಕೊಡುತ್ತೇನೆ. ಉಳಿದದ್ದೆಲ್ಲಾ ಕೆಳಗಿನದು. ಅದರಲ್ಲೂ ಅರ್ಧಕ್ಕರ್ಧ ಸತ್ತ ವೈರ್. ಗ್ರಾಹಕರು ಕನೆಕ್ಷನ್ ಬದಲಾಯಿಸಿದಾಗ ಹೊಸದು ಎಳೆಯುತ್ತಾರೆ, ಹಳೇದನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಕೂಲಿ ಕೊಡುವವರು ಯಾರು?

ರಸ್ತೆ ದಾಟುವ ಎಲ್‌ಟಿ ತಂತಿ ನೆಲದಿಂದ 5.8 ಮೀಟರ್ ಮೇಲೆ ಇರಬೇಕು, 11 ಕೆವಿ 6.1 ಮೀಟರ್. ನಿಯಮ ಹಾಗಿದೆ. ಲೈನ್ ಎಳೆದ ದಿನ ಸರಿಯಾಗೇ ಇರುತ್ತದೆ. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಬರುತ್ತಾರೆ, ಆಮೇಲೆ ಕಾಂಕ್ರೀಟು. ರಸ್ತೆ ಮೇಲೆ ಬರುತ್ತದೆ, ತಂತಿ ಬಿಸಿಲಿಗೆ ಜೋತು ಕೆಳಗೆ ಬರುತ್ತದೆ. ಮಧ್ಯೆ ಸಿಕ್ಕಿಕೊಳ್ಳುವುದು ಮಂಟಪ.

ನೆಲದಡಿ ಹಾಕುವುದು ಅಂದರೆ 11 ಕೆವಿ ಕೇಬಲ್ಲಿಗೆ ಸುಮಾರು 90 ಸೆಂಟಿಮೀಟರ್ ಆಳ, ಎಲ್‌ಟಿಗೆ 75. ಅಡಿಯಲ್ಲಿ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಇಲ್ಲವೇ ಚಪ್ಪಡಿ, ಆಮೇಲೆ ಮಣ್ಣು. ಇಟ್ಟಿಗೆ ಯಾಕೆ ಅಂದರೆ ನಾಳೆ ಯಾರೋ ಪಿಕಾಸಿ ಹಾಕಿದರೆ ಮೊದಲು ಇಟ್ಟಿಗೆ ಸಿಗಲಿ ಅಂತ. ಕೇಬಲ್ ಸಾಮಾನ್ಯಕ್ಕೆ ಕೆಡುವುದಿಲ್ಲ. ಕೆಡುವುದು ಜಾಯಿಂಟು. ಮಳೆಯಲ್ಲಿ ಅವಸರಕ್ಕೆ ಮಾಡಿದ ಜಾಯಿಂಟಿಗೆ ನೀರು ಹೊಕ್ಕರೆ ಮುಗಿಯಿತು. ಮೇಲಿನ ಲೈನಾದರೆ ನಡೆದು ಹೋಗಿ ಕಣ್ಣಲ್ಲೇ ನೋಡುತ್ತೇವೆ, ಜಂಪರ್ ಸುಟ್ಟಿದೆಯಾ, ಇನ್ಸುಲೇಟರ್ ಒಡೆದಿದೆಯಾ ಅಂತ. ನೆಲದಡಿ ಫಾಲ್ಟ್ ಹುಡುಕಲು ಮಿಷನ್ ಗಾಡಿ ಬರಬೇಕು. ಅದು ಕೇಬಲ್ಲಿಗೆ ಜೋರಾದ ಪಲ್ಸ್ ಬಿಡುತ್ತದೆ. ಕೆಟ್ಟ ಜಾಗದಲ್ಲಿ ನೆಲದೊಳಗಿಂದ ಟಪ್ ಟಪ್ ಅಂತ ಸದ್ದು ಬರುತ್ತದೆ, ಅಲ್ಲಿ ಅಗೆಯಬೇಕು. ನಾನೊಮ್ಮೆ ರಾತ್ರಿ ರಸ್ತೆ ಮೇಲೆ ಕಿವಿ ಇಟ್ಟು ಮಲಗಿದ್ದೆ. ನೋಡಿದವರು ಕುಡಿದಿದ್ದಾನೆ ಅಂದುಕೊಂಡರು.

ಹಾಗಂತ ಬೇಡ ಅನ್ನುತ್ತಿಲ್ಲ. ಮಂಟಪದ ದಾರಿಗೆ ಬೇಕೇ ಬೇಕು. ಒಳಗಿನ ಗಲ್ಲಿಗಳಿಗೆ ಎಬಿ ಕೇಬಲ್ ಸಾಕು. ಇನ್ಸುಲೇಷನ್ ಇರುವ ವೈರುಗಳನ್ನು ಜಡೆ ಹೆಣೆದ ಹಾಗೆ ಸುತ್ತಿರುತ್ತಾರಲ್ಲ, ಅದು. ಕೊಂಬೆ ತಾಗಿದರೂ ಟ್ರಿಪ್ ಆಗುವುದಿಲ್ಲ, ಖರ್ಚೂ ಕಡಿಮೆ.

ತೋಟದಿಂದ

ಎಬಿ ಕೇಬಲ್ ಅಂದ್ರಲ್ಲ, ಅದನ್ನು ನಮ್ಮ ಕಡೆಗೂ ಎಳೆಸಿ. ಮರಕಪಾತು, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಲೈನ್ ಪಕ್ಕದ ಮರಕ್ಕೆ ಕೈ ಹಾಕಲು ಯಾರೂ ಒಪ್ಪುವುದಿಲ್ಲ. ಪೇಟೆಗೆ ನೆಲದಡಿ, ನಮಗೆ ಜಡೆ. ಹಾಗಾದರೆ ನನ್ನ ತಕರಾರಿಲ್ಲ.

ಬೆಂಗಳೂರಲ್ಲಿರೋ ಮಡಿಕೇರಿಯವಳು

ಇಲ್ಲಿ ಬಹಳ ಕಡೆ 11 ಕೆವಿಯನ್ನು ನೆಲದಡಿಗೆ ಹಾಕಿದ್ದಾರೆ, ಎಲ್‌ಟಿಯನ್ನು ಎಬಿ ಕೇಬಲ್ ಮಾಡಿದ್ದಾರೆ. ನನ್ನ ಅನುಭವ ಅರ್ಧ ಸಿಹಿ, ಅರ್ಧ ಕಹಿ.

ಕಹಿ ಮೊದಲು. ನಮ್ಮ ರಸ್ತೆಯನ್ನು ಕೇಬಲ್ಲಿಗೆ ಅಂತ ಅಗೆದರು, ಮುಚ್ಚಿದರು, ಡಾಂಬರು ಹಾಕಿದರು. ಎರಡು ತಿಂಗಳಾಗಿರಲಿಲ್ಲ, ನೀರಿನ ಪೈಪಿಗೆ ಅಂತ ಇನ್ನೊಬ್ಬರು ಜೆಸಿಬಿ ತಂದರು. ಬಕೆಟ್ ಇಳಿಸಿದ್ದೇ ತಡ, ಕೇಬಲ್ ಕಟ್. ಎರಡು ದಿನ ಇಡೀ ರಸ್ತೆ ಕತ್ತಲು. ಕೇಬಲ್ ಎಲ್ಲಿದೆ ಅಂತ ನಕ್ಷೆ ಇದ್ದರೂ ಅದನ್ನು ಅಗೆಯುವವರು ನೋಡಿರಲಿಲ್ಲ. ಈಗ ಅಗೆಯುವ ಮೊದಲು ತಿಳಿಸಲೆಂದು ಕಾಲ್ ಬಿಫೋರ್ ಯು ಡಿಗ್ ಅಂತ ಕೇಂದ್ರದ ಆ್ಯಪ್ ಇದೆ, 2023ರಲ್ಲಿ ಬಂತು. ಜೆಸಿಬಿ ಓಡಿಸುವ ಅಣ್ಣನ ಫೋನಿನಲ್ಲಿ ಅದು ಇರುತ್ತಾ? ನನಗಂತೂ ಅನುಮಾನ.

ಸಿಹಿ ಏನೆಂದರೆ, ಟೆಂಡರ್‌ಶ್ಯೂರ್ ಅನ್ನುವ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಫುಟ್‌ಪಾತ್ ಕೆಳಗೆ ಮೊದಲೇ ಪೈಪ್ ಹಾಕಿ, ಅಲ್ಲಲ್ಲಿ ಮುಚ್ಚಳದ ಗುಂಡಿ ಬಿಟ್ಟಿದ್ದಾರೆ. ಹೊಸ ಕೇಬಲ್ ಬೇಕಾದರೆ ಪೈಪಿನೊಳಗೆ ಎಳೆಯಬಹುದು. ಮಡಿಕೇರಿಯಲ್ಲಿ ಮಾಡುವುದಾದರೆ ಹೀಗೇ ಮಾಡಬೇಕು. ಒಂದೇ ಸಲ ಅಗೆಯಿರಿ, ಬೇಕಾದ್ದಕ್ಕಿಂತ ಎರಡು ಖಾಲಿ ಪೈಪ್ ಜಾಸ್ತಿ ಹಾಕಿ.

ಅಂಗಡಿ ಬಾಗಿಲು

ಒಂದೇ ಸಲ ಅಗೆಯಿರಿ ಅನ್ನೋದು ಕೇಳಲು ಚೆನ್ನಾಗಿದೆ. ಯುಜಿಡಿ (ಒಳಚರಂಡಿ) ಅಂತ ಅಗೆದಾಗ ನನ್ನ ಅಂಗಡಿ ಮುಂದೆ ಹಲಗೆ ಹಾಕಿಕೊಂಡು ವ್ಯಾಪಾರ ಮಾಡಿದ್ದೇನೆ. ಗಿರಾಕಿ ಹಲಗೆ ನೋಡಿ ಹಾಗೇ ಮುಂದೆ ಹೋಗುತ್ತಿದ್ದರು. ಬಾಡಿಗೆ ಕಡಿಮೆ ಮಾಡುತ್ತಾರಾ? ಇಲ್ಲ.

ನನ್ನ ಪ್ರಶ್ನೆ ಬೇರೆ. ಕಂಬ ತೆಗೆದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಎಲ್ಲಿ ಇಡುತ್ತಾರೆ? ಅದೇನು ನೆಲದಡಿ ಹೋಗುತ್ತಾ? ದೆಹಲಿಯಲ್ಲಿ ಚಾಂದನಿ ಚೌಕ ನೋಡಿ ಬಂದೆ. ಕೆಂಪುಕೋಟೆ ಕಡೆಯಿಂದ ಫತೇಪುರಿ ಮಸೀದಿವರೆಗೆ 1.3 ಕಿಲೋಮೀಟರ್ ಹೊಸದಾಗಿ ಮಾಡಿದ್ದಾರೆ, 2021ರಲ್ಲಿ ಮುಗಿಯಿತು. ಮುಖ್ಯ ರಸ್ತೆಯ ಮೇಲಿನ ತಂತಿ ಕೆಳಗೆ ಹೋಗಿವೆ, ನಿಜ. ಟ್ರಾನ್ಸ್‌ಫಾರ್ಮರ್ ಮಾತ್ರ ರಸ್ತೆ ಮಧ್ಯದ ಪಟ್ಟಿಯಲ್ಲಿ ಕೂತಿವೆ. ಅಲ್ಲಿ ಮಧ್ಯದಲ್ಲಿ ಜಾಗ ಇದೆ. ನಮ್ಮ ಪೇಟೆಯಲ್ಲಿ ಎದುರಿನಿಂದ ಒಂದು ಪಿಕಪ್ ಬಂದರೆ ನಾನು ಅಂಗಡಿಯೊಳಗೆ ಕಾಲು ಎಳೆದುಕೊಳ್ಳಬೇಕು.

ಹಳೇ ಲೈನ್‌ಮನ್

ಒಳ್ಳೇ ಪ್ರಶ್ನೆ. ಟಿಸಿ ನೆಲದ ಮೇಲೆ ಕೂರಲೇಬೇಕು. ಅದರ ಜೊತೆ 11 ಕೆವಿ ಹಂಚಲು ಆರ್‌ಎಂಯು ಅಂತ ಒಂದು ಪೆಟ್ಟಿಗೆ. ಅಲ್ಲಿಂದ ಮನೆಗಳಿಗೆ ಒಡೆಯಲು ಅಲ್ಲಲ್ಲಿ ಫೀಡರ್ ಪಿಲ್ಲರ್, ಗೋದ್ರೆಜ್ ಬೀರು ಥರ ಇರುತ್ತದೆ. ಇವನ್ನೆಲ್ಲಾ ಅಡ್ಡಗಲ್ಲಿಯ ಬಾಯಲ್ಲಿ ಇಡಬೇಕಾಗುತ್ತದೆ. ಪೀಠ ಎತ್ತರ ಇರಬೇಕು. ನಮ್ಮೂರಲ್ಲಿ ಚರಂಡಿ ಉಕ್ಕಿದರೆ ಮೊದಲು ಮುಳುಗುವುದೇ ಆ ಪೆಟ್ಟಿಗೆಯ ಕಾಲು. ಯಾರ ಮನೆ ಮುಂದೆ ಇಡುವುದು ಅನ್ನುವ ಜಗಳ ಇದೆಯಲ್ಲ, ಕೇಬಲ್ ಹಾಕುವುದಕ್ಕಿಂತ ದೊಡ್ಡ ಕೆಲಸ ಅದೇ.

ಬರೆ ಪಕ್ಕದ ಮನೆ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಬೆಂಗಳೂರು, ದೆಹಲಿ ಸಮತಟ್ಟು. ಮಡಿಕೇರಿ ಹಾಗಲ್ಲ, ಮನೆ ಮೇಲೆ ಮನೆ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು, ಜಾರಿತು. ರಾತ್ರಿ ಅಡುಗೆಮನೆ ಗೋಡೆಗೆ ಕಾಳುಮೆಣಸಿನ ಬಳ್ಳಿಯಷ್ಟು ಸಣ್ಣ ಬಿರುಕು ಇತ್ತು. ಬೆಳಗ್ಗೆ ಅದರೊಳಗೆ ಕೈ ಹೋಗುತ್ತಿತ್ತು.

ಆಗ ಕಲಿತ ಪಾಠ ಇದು. ಇಳಿಜಾರಿನಲ್ಲಿ ಉದ್ದುದ್ದ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ಅದು ಕಣ್ಣಿಗೆ ಕಾಣದ ಚರಂಡಿ. ಮಳೆ ನೀರು ಸುತ್ತಲಿನ ಗಟ್ಟಿ ಮಣ್ಣು ಬಿಟ್ಟು ಆ ಸಡಿಲ ಜಾಗವನ್ನೇ ಹಿಡಿದು ಕೆಳಗಿಳಿಯುತ್ತದೆ. ಕೇಬಲ್ಲಿಗೆ ಹಾಕಿದ ಮರಳು ಇದೆಯಲ್ಲ, ಅದು ನೀರಿಗೆ ರಾಜಮಾರ್ಗ. ಕೊನೆಗೆ ಆ ನೀರು ಯಾರದೋ ತಡೆಗೋಡೆ ಹಿಂದೆ ನಿಲ್ಲುತ್ತದೆ. ಆಮೇಲೆ ಗೋಡೆ ಬಿತ್ತು, ಮಳೆ ಜಾಸ್ತಿ ಅಂತಾರೆ.

ಇದಕ್ಕೆ ದಾರಿ ಇದೆ. ಗುಂಡಿಯಲ್ಲಿ ಅಲ್ಲಲ್ಲಿ ಜೇಡಿಮಣ್ಣಿನ ಇಲ್ಲವೇ ಕಾಂಕ್ರೀಟಿನ ಅಡ್ಡಗಟ್ಟೆ ಹಾಕಿ ನೀರು ತಡೆಯಬೇಕು, ತಡೆದ ನೀರನ್ನು ಅಲ್ಲೇ ಚರಂಡಿಗೆ ಬಿಡಬೇಕು. ತುಂಬುವ ಮಣ್ಣನ್ನು ಪದರ ಪದರವಾಗಿ ಕುಟ್ಟಬೇಕು. ಮಳೆಗಾಲದಲ್ಲಿ ಅಗೆಯಲೇಬಾರದು. ಡಿಸೆಂಬರಿಂದ ಏಪ್ರಿಲ್‌ವರೆಗೆ ಮಾತ್ರ. ಇಷ್ಟೂ ಟೆಂಡರಿನಲ್ಲಿ ಬರೆದಿದ್ದರೆ ನನ್ನ ಒಪ್ಪಿಗೆ ಇದೆ. ಬರೆದಿಲ್ಲವೆಂದರೆ ನಿಮ್ಮ ತಂತಿ ಮೇಲೇ ಇರಲಿ, ಪರವಾಗಿಲ್ಲ.

ಮಹಡಿ ಕಿಟಕಿ

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಥ್ಯಾಂಕ್ಸ್. ಪೇಟೆ ರಸ್ತೆಯೂ ಇಳಿಜಾರೇ ಅಲ್ವಾ, ಸೈಕಲ್ ಬಿಟ್ಟರೆ ತಾನೇ ಹೋಗುತ್ತದೆ.

ಪಾಠದ ಮೇಷ್ಟ್ರು

ಎಲ್ಲರೂ ಒಂದು ಕಾನೂನನ್ನು ಮರೆತಿದ್ದೀರಿ. ಮಡಿಕೇರಿ ಕೋಟೆಯ ಅರಮನೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಮುದ್ದುರಾಜ ಊರು ಕಟ್ಟಿದ್ದು 1681ರಲ್ಲಿ. ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಈಗಿನ ಅರಮನೆ ಲಿಂಗರಾಜನ ಕಾಲದ್ದು. ಈ ಊರಿನಲ್ಲಿ ಎಲ್ಲಿ ಅಗೆದರೂ ಹಳೇದು ಸಿಗಬಹುದು. ಹಾಗಾಗಿ ಕೋಟೆ ಕಡೆ ಈ ಯೋಜನೆ ಹೋಗುವ ಹಾಗೇ ಇಲ್ಲ.

ಕೋರ್ಟ್ ಕಟ್ಟೆ

ಮೇಷ್ಟ್ರೇ, 100 ಮೀಟರ್, 200 ಮೀಟರ್ ಸರಿ. ಆದರೆ ಅದೇ ತಿದ್ದುಪಡಿಯಲ್ಲಿ ಕಟ್ಟಡ ಕೆಲಸ ಅಂದರೆ ಏನು ಅಂತ ಬರೆದಿದ್ದಾರಲ್ಲ, ಅದನ್ನು ಪೂರ್ತಿ ಓದಿ. ಸಾರ್ವಜನಿಕರಿಗೆ ನೀರು ಕೊಡುವ ಕೆಲಸ, ಚರಂಡಿ ಕೆಲಸ, ಕರೆಂಟ್ ಹಂಚುವ ಕೆಲಸ ಅದರಲ್ಲಿ ಸೇರುವುದಿಲ್ಲ ಅಂತ ಇದೆ. ಹಾಗಂತ ಕೋಟೆ ಗೋಡೆ ಬುಡಕ್ಕೆ ಜೆಸಿಬಿ ತರಬೇಕು ಅಂತಲ್ಲ. ಇಲಾಖೆಯವರನ್ನು ಮೊದಲೇ ಕೂರಿಸಿಕೊಂಡು ಕೈಯಲ್ಲೇ ಅಗೆಸುವುದು ಒಳ್ಳೇದು. ಕಾನೂನು ತಾನಾಗಿ ಬಾಗಿಲು ಹಾಕಿಲ್ಲ, ಅಷ್ಟೇ ನನ್ನ ಮಾತು. ಅದೂ ಅಲ್ಲದೆ ನಾವು ಮಾತಾಡುತ್ತಿರುವುದು ಮಹದೇವಪೇಟೆ ಬಗ್ಗೆ, ಕೋಟೆ ಅಲ್ಲ.

ಪಾಠದ ಮೇಷ್ಟ್ರು

ಓದಿದೆ. ಹೌದು, ಹಾಗೇ ಇದೆ. ಪಾಠ ಮಾಡಿದವನಿಗೆ ಪಾಠ ಆಯ್ತು. ಕಾಶಿಯಲ್ಲೂ ಇದೇ ಥರ ಕಿರಿದಾದ ಗಲ್ಲಿಗಳಲ್ಲಿ ಮಾಡಿದ್ದಾರೆ, ಸುಮಾರು 16 ಚದರ ಕಿಲೋಮೀಟರ್, 2017ರ ಕೊನೆಗೆ ಮುಗಿಯಿತು. ನೆಲದಡಿ ಏನೆಲ್ಲಿದೆ ಅನ್ನುವ ನಕ್ಷೆಯೇ ಇರಲಿಲ್ಲ, ಅಗೆದಾಗಲೆಲ್ಲಾ ಪೈಪೋ ಫೋನ್ ಕೇಬಲ್ಲೋ ಸಿಗುತ್ತಿತ್ತು. ಗಂಗೆ ದಂಡೆಯ ಗಲ್ಲಿಯಲ್ಲಿ ಆಗುವುದಾದರೆ ನಮ್ಮ ಪೇಟೆಯಲ್ಲಿ ಆಗುವುದಿಲ್ಲ ಅಂತ ಹೇಗೆ ಹೇಳಲಿ.

ಅಂಗಡಿ ಬಾಗಿಲು

ಅಲ್ಲಿ ದುಡ್ಡು ಕೇಂದ್ರದ್ದು ಮೇಷ್ಟ್ರೇ. ಇಲ್ಲಿ ಯಾರದ್ದು?

ಹಳೇ ಲೈನ್‌ಮನ್

ಮೇಲಿನ ಲೈನಿಗಿಂತ ಹಲವು ಪಟ್ಟು ಖರ್ಚು. ವಿದ್ಯುತ್ ಕಂಪನಿ ತನ್ನ ಬಂಡವಾಳದಲ್ಲಿ ಹಾಕಿದರೆ, ಕೆಇಆರ್‌ಸಿ (ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ) ಒಪ್ಪಿದ ಖರ್ಚು ಕೊನೆಗೆ ದರದಲ್ಲಿ ಸೇರುತ್ತದೆ. ಅಂದರೆ ಎಲ್ಲರ ಬಿಲ್ಲಿನಲ್ಲಿ. ಬೇರೆ ಯೋಜನೆಯ ಅನುದಾನ ತಂದರೆ ಬೇರೆ ಮಾತು. ಹಾಗಾಗಿಯೇ ನಾನು ಒಂದೇ ರಸ್ತೆ ಅಂತ ಹಟ ಹಿಡಿಯುತ್ತಿರುವುದು. ಊರು ಪೂರ್ತಿ ಕೇಳಿದರೆ ಒಂದು ರಸ್ತೆಯೂ ಸಿಗುವುದಿಲ್ಲ.

ಇನ್ನೊಂದು ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮನೆಯೊಳಗಿನದು. ಮಹಡಿ ಕಿಟಕಿಯವರೇ, ನಿಮ್ಮ ಮೀಟರ್ ಎಲ್ಲಿದೆ?

ಮಹಡಿ ಕಿಟಕಿ

ಮಹಡಿ ಮೇಲೆ, ಅಟ್ಟದ ಏಣಿ ಪಕ್ಕ! ರೀಡಿಂಗ್ ತೆಗೆಯಲು ಬರುವ ಹುಡುಗ ಪ್ರತಿ ತಿಂಗಳು ತೊಲೆಗೆ ತಲೆ ತಾಗಿಸಿಕೊಳ್ಳುತ್ತಾನೆ.

ಹಳೇ ಲೈನ್‌ಮನ್

ಅದೇ ನೋಡಿ. ಸರ್ವಿಸ್ ವೈರ್ ಸೂರಿನ ಕಡೆಯಿಂದ ಬರುವುದರಿಂದ ಹಳೇ ಮನೆಗಳಲ್ಲಿ ಮೀಟರ್ ಮೇಲೆಯೇ. ಕೇಬಲ್ ನೆಲದಿಂದ ಬಂದರೆ ಮೀಟರನ್ನು ಕೆಳಗೆ ತರಬೇಕು, ಇಲ್ಲವೇ ಜಗಲಿಯಿಂದ ಮೇಲಿನವರೆಗೆ ಗೋಡೆ ಮೇಲೆ ಜಿಐ ಪೈಪ್. ಮಣ್ಣಿನ ಗೋಡೆ ಕೊರೆದರೆ ಉದುರುತ್ತದೆ. ಪ್ರತಿ ಮನೆಗೂ ಹೋಗಿ ನೋಡಿ ತೀರ್ಮಾನ ಮಾಡಬೇಕಾದ ಕೆಲಸ ಇದು, ಟೇಬಲ್ ಮೇಲೆ ನಕ್ಷೆ ಬರೆದರೆ ಆಗಲ್ಲ.

ಮಂಟಪದ ಹುಡುಗ

ಇದೆಲ್ಲಾ ಆಗುವ ಹೊತ್ತಿಗೆ ನನ್ನ ಮಗ ಬಿದಿರು ಹಿಡಿಯುವ ವಯಸ್ಸಿಗೆ ಬರುತ್ತಾನೆ. ಈ ದಸರಾಕ್ಕೆ ಏನಾದರೂ ಆಗುತ್ತಾ ಅಣ್ಣ?

ಹಳೇ ಲೈನ್‌ಮನ್

ಆಗುತ್ತದೆ. ಸತ್ತ ವೈರ್ ಬಿಚ್ಚಿಸಿ. ಅದಕ್ಕೆ ಅಗೆತ ಬೇಡ, ಟೆಂಡರ್ ಬೇಡ. ಕೇಬಲ್ ಟಿವಿಯವರು, ಇಂಟರ್‌ನೆಟ್ಟಿನವರು ತಮ್ಮ ತಮ್ಮ ಜೀವಂತ ವೈರಿಗೆ ಬಣ್ಣದ ಟೇಪ್ ಸುತ್ತಲಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಒಂದು ತಾರೀಕು ಕೊಡಿ. ಆ ತಾರೀಕಿನ ನಂತರ ಟೇಪ್ ಇಲ್ಲದ ವೈರನ್ನು ಅವರ ಜನರೇ ಬಿಚ್ಚಲಿ, ನಮ್ಮವರು ಲೈನ್ ಆಫ್ ಮಾಡಿಕೊಟ್ಟ ಮೇಲೆ. ಉಳಿದದ್ದನ್ನು ಒಟ್ಟು ಸೇರಿಸಿ ಕಟ್ಟಿ ಎತ್ತರಕ್ಕೆ ಏರಿಸಬಹುದು. ಮಂಟಪಕ್ಕೆ ಸಿಗುವ ವೈರಿನಲ್ಲಿ ಹೆಚ್ಚಿನದು ಇದೇ.

ಅಂಗಡಿ ಬಾಗಿಲು

ಇದಕ್ಕೆ ನಾನು ರೆಡಿ. ನಮ್ಮ ಸಾಲಿನ ಅಂಗಡಿಯವರೆಲ್ಲಾ ಅರ್ಜಿಗೆ ಸಹಿ ಹಾಕುತ್ತೇವೆ. ಟೇಪ್ ನನ್ನ ಅಂಗಡಿಯಲ್ಲೇ ಸಿಗುತ್ತದೆ, ಐದು ಬಣ್ಣ ಇದೆ. ಇದು ಜಾಹೀರಾತು ಅಲ್ಲ ಮಾರಾಯ್ರೆ.

ಬರೆ ಪಕ್ಕದ ಮನೆ

ನೆಲದಡಿಯ ಅರ್ಜಿಯನ್ನೂ ಜೊತೆಗೇ ಕೊಡಿ, ಅಡ್ಡಗಟ್ಟೆ ವಿಷಯ ಸೇರಿಸಿ. ಕರಡನ್ನು ನಾನು ಬರೆಯುತ್ತೇನೆ.

ಮಹಡಿ ಕಿಟಕಿ

ಹಾಗಾದರೆ ಭಾನುವಾರ ಬೆಳಗ್ಗೆ ಏಳಕ್ಕೆ ಚೌಕಿಯಲ್ಲಿ ಸೇರೋಣ. ಮಳೆ ಇದ್ದರೂ ಬನ್ನಿ. ಬನ್ನಿಮಂಟಪದವರೆಗೆ ಕಂಬ ಕಂಬವೂ ನೋಡಿ ಬರೆದುಕೊಳ್ಳೋಣ. ನಾನು ನೋಟ್‌ಬುಕ್ ತರುತ್ತೇನೆ. ಮಂಟಪದ ಹುಡುಗ ಯಾವ ಜಾಗದಲ್ಲಿ ಬಿದಿರು ಎತ್ತಬೇಕು ಅಂತ ತೋರಿಸಲಿ.

ಹಳೇ ಲೈನ್‌ಮನ್

ಬರುತ್ತೇನೆ. ಬಿದಿರು ಮನೆಯಲ್ಲೇ ಬಿಟ್ಟು ಬನ್ನಿ. ಎಣಿಸುವುದು ಕಣ್ಣಲ್ಲಿ ಮಾತ್ರ, ಸತ್ತ ವೈರ್ ಅಂತ ಯಾರೂ ಕೈಯಲ್ಲಿ ಎಳೆದು ನೋಡಬೇಡಿ.